ಭಾವನ ಗುಂಡು

ಕಾಲು ಕೆರೆದುಕೊಂಡು ಜಗಳಕ್ಕೆ ಹೋಗಬೇಕಾದರೆ ಕಾಲು ಇರಲೇಬೇಕು ಎಂದು ನೀವು ತಿಳಿದಿದ್ದರೆ, ನೀವು ನಮ್ಮ ಭಾವನನ್ನು ನೋಡಿಲ್ಲ ಎಂದೇ ಅರ್ಥ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಗಡಿಯ ಹತ್ತಿರ ಎಲ್ಲೋ ಗಸ್ತು ತಿರುಗುವಾಗ ನೆಲಬಾಂಬು ಸಿಡಿದು ಬಲಗಾಲು ಮಂಡಿಯ ಮೇಲಿನಿಂದ, ಎಡಗಾಲು ಮಂಡಿಯ ಕೆಳಗಿನಿಂದ ಹೋಯಿತು. ಉಳಿದ ಭಾವನನ್ನು ಸೈನ್ಯದವರು ಗಾಲಿಕುರ್ಚಿಯಲ್ಲಿ ಕೂರಿಸಿ ರಾಜಾಜಿನಗರದ ಬಾಡಿಗೆ ಮನೆಗೆ ಕಳಿಸಿಕೊಟ್ಟರು. ಉಳಿದದ್ದೇ ಇಷ್ಟು ಜೋರಾಗಿರುವಾಗ ಪೂರ್ತಿ ಬಂದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದು ಆ ಬೀದಿಯ ಜನ ಎಂಬತ್ತರ ದಶಕವಿಡೀ ಯೋಚಿಸಿದರು.

ಒಂದು ಉದಾಹರಣೆ ಕೊಡುತ್ತೇನೆ. ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಉದ್ದನೆಯ ಸಾಲು. ಭಾವ ಕುರ್ಚಿಯ ಗಾಲಿ ಉರುಳಿಸಿಕೊಂಡು ಬಂದದ್ದನ್ನು ನೋಡಿ ಬ್ಯಾಂಕಿನ ಗುಮಾಸ್ತರೊಬ್ಬರು, "ದಾರಿ ಬಿಡ್ರಪ್ಪ, ಪಾಪ, ಮಿಲ್ಟ್ರಿಯವರು" ಎಂದರು. ಭಾವ ಕುರ್ಚಿ ನಿಲ್ಲಿಸಿದರು.

"ಯಾರ್ರೀ ಪಾಪ?"

"ಅಲ್ಲ ಸಾರ್, ನಿಮಗೆ ಕಷ್ಟ ಆಗ್ಬಾರ್ದು ಅಂತ..."

"ನನಗೇನ್ರೀ ಕಷ್ಟ? ನಾನು ಮನೆಯಿಂದ ಕೂತ್ಕೊಂಡೇ ಬಂದಿದೀನಿ. ನಿಂತು ನಿಂತು ಕಾಲು ನೋಯ್ತಾ ಇರೋದು ನಿಮ್ಮದು. ಮೊದಲು ನೀವು ತಗೊಳ್ಳಿ."

ಅಷ್ಟಕ್ಕೇ ಬಿಡಲಿಲ್ಲ. ಸಾಲಿನ ಕೊನೆಗೆ ಹೋಗಿ ನಿಂತು, ಅಂದರೆ ಕೂತು, ಆಮೇಲೆ ಬಂದವರನ್ನೆಲ್ಲ "ಪಾಪ, ನಿಂತಿದೀರಿ, ಮುಂದೆ ಹೋಗಿ" ಎಂದು ಒಬ್ಬೊಬ್ಬರನ್ನೇ ಮುಂದೆ ಕಳಿಸಿದರು. ಅವರ ಸರದಿ ಬರುವಷ್ಟರಲ್ಲಿ ಹಾಲು ಮುಗಿದಿತ್ತು. ಆ ದಿನ ಮನೆಮಂದಿಯೆಲ್ಲ ಹಾಲಿಲ್ಲದ ಕಾಫಿ ಕುಡಿದೆವು. ಭಾವ ಮಾತ್ರ ಅದನ್ನು ಯುದ್ಧ ಗೆದ್ದವರ ಹಾಗೆ ಕುಡಿದರು.

ಸೈನ್ಯ ಅವರಿಗೆ ಎರಡು ಕೃತಕ ಕಾಲುಗಳನ್ನೂ ಕೊಟ್ಟಿತ್ತು. ತೊಟ್ಟರೆ ಉಜ್ಜಿ ಹುಣ್ಣಾಗುತ್ತದೆ ಎಂದು ಭಾವ ಅವನ್ನು ಹೆಚ್ಚು ತೊಡುತ್ತಿರಲಿಲ್ಲ. ಆದರೆ ಅವುಗಳಿಗೆ ಹಾಕಿದ್ದ ಕರಿ ಬೂಟುಗಳಿಗೆ ಭಾನುವಾರ ತಪ್ಪದೆ ಪಾಲಿಶ್ ಆಗಬೇಕು. ನಡೆಯದ ಬೂಟಿಗೆ ಪಾಲಿಶ್ ಯಾಕೆ ಎಂದು ನಾನೊಮ್ಮೆ ಕೇಳಿ, ನನ್ನ ಚಪ್ಪಲಿಯ ಸ್ಥಿತಿಯ ಬಗ್ಗೆ ಅರ್ಧ ಗಂಟೆ ಉಪನ್ಯಾಸ ಕೇಳಬೇಕಾಯಿತು. ಅಕ್ಕ ಆ ಕಾಲುಗಳಿಗೆ ಬೇರೆ ಉಪಯೋಗ ಕಂಡುಕೊಂಡಿದ್ದಳು. ಮನೆಯಲ್ಲಿ ಒಬ್ಬಳೇ ಇರುವಾಗ ಅವನ್ನು ನಡುಮನೆಯ ಪರದೆಯ ಹಿಂದೆ ನಿಲ್ಲಿಸುತ್ತಿದ್ದಳು. ಪಾತ್ರೆ ಮಾರುವವರು, ಸೀರೆ ಮಾರುವವರು ಪರದೆಯ ಕೆಳಗೆ ಮಿರಿಮಿರಿ ಮಿಂಚುವ ಎರಡು ಬೂಟು ಕಂಡು, ಒಳಗೆ ಯಾರೋ ಪೊಲೀಸಿನವರು ನಿಂತಿದ್ದಾರೆಂದು ತಿಳಿದು ಚೌಕಾಸಿ ಇಲ್ಲದೆ ಹೊರಟುಹೋಗುತ್ತಿದ್ದರು.

ಇಷ್ಟು ಕೇಳಿದ ಮೇಲೆ ಭಾವ ಮೊದಲಿನಿಂದಲೂ ಹೀಗೇ ಎಂದು ನೀವು ಅಂದುಕೊಳ್ಳಬಹುದು. ಅಲ್ಲ. ಆಸ್ಪತ್ರೆಯಿಂದ ಬಂದ ಮೊದಲ ವರ್ಷ ಅವರು ಯಾರೊಂದಿಗೂ ಜಗಳವಾಡಲಿಲ್ಲ. ಮಾತೇ ಆಡಲಿಲ್ಲ. ಒಳಗಿನ ಕೋಣೆಯ ಮಂಚದ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು. ಆಸ್ಪತ್ರೆಯಲ್ಲಿ ಅವರಂಥವರನ್ನೆಲ್ಲ ಮೈದಾನಕ್ಕೆ ಕರೆದೊಯ್ದು ಕುರ್ಚಿಯಲ್ಲೇ ಬಾಣ ಬಿಡುವುದು, ಚೆಂಡು ಆಡುವುದು, ಕಬ್ಬಿಣದ ಗುಂಡು ಎಸೆಯುವುದು ಕಲಿಸುತ್ತಿದ್ದರಂತೆ. "ಕಾಲು ಕಿತ್ಕೊಂಡು ಆಟದ ಸಾಮಾನು ಕೊಡ್ತಾರೆ" ಎಂದು ಭಾವ ಅಲ್ಲಿಯೂ ಗೋಡೆಯ ಕಡೆಗೇ ತಿರುಗಿದ್ದರು.

ಅಕ್ಕ ಹತ್ತಿರದ ಶಾಲೆಯೊಂದರಲ್ಲಿ ಪ್ರೈಮರಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಭಾವನ ಕಾಲು ಹೋಗುವಾಗ ಮದುವೆಯಾಗಿ ಮೂರು ವರ್ಷವಾಗಿತ್ತು. ಅದರಲ್ಲಿ ಗಂಡನ ಜೊತೆ ಇದ್ದದ್ದು ಅವರ ರಜೆಯ ದಿನಗಳನ್ನೆಲ್ಲ ಕೂಡಿಸಿದರೂ ಆರು ತಿಂಗಳಾಗದು. ನಾನಾಗ ಕೆಂಗೇರಿಯಲ್ಲಿ ಅಮ್ಮನ ಜೊತೆ ಇದ್ದು, ಮೆಜೆಸ್ಟಿಕ್ಕಿನ ಹತ್ತಿರ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದು ಶನಿವಾರ ಅಮ್ಮ ಕಣ್ಣೊರೆಸಿಕೊಂಡು, "ಹೋಗಿ ನಿಮ್ಮಕ್ಕನ್ನ ಕರ್ಕೊಂಡು ಬಾ. ಸಾಕು ಅವಳು ಪಟ್ಟಿದ್ದು" ಎಂದಳು. ನಾನು ಹೋದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೂ ಹೋದದ್ದು ನಿಜ.

ನಾನು ಬಾಯಿ ತೆರೆಯುವ ಮೊದಲೇ ಭಾವ ಗೋಡೆ ನೋಡಿಕೊಂಡೇ ಮಾತಾಡಿದರು.

"ಏನಯ್ಯ, ನಿಮ್ಮಕ್ಕನ್ನ ಕರ್ಕೊಂಡು ಹೋಗಿಬಿಡು. ಅವಳಿಗಿನ್ನೂ ಇಪ್ಪತ್ತೇಳು. ನನ್ನ ಜೊತೆ ಯಾಕೆ ಕೊಳೀಬೇಕು?"

ನಾನು ಅಡುಗೆಮನೆಗೆ ಹೋದೆ. ಅಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು.

"ಅಕ್ಕ, ನೀನು ನನ್ನ ಜೊತೆ ಕೆಂಗೇರಿಗೆ ಬರ್ಬೇಕಂತೆ. ಭಾವಾನೇ ಹೇಳಿದ್ರು."

"ಅವರೇ ಹೇಳಿದ್ರಾ?"

"ಹೂಂ."

"ಸರಿ ಹಾಗಾದ್ರೆ. ಮಂಚದ ಕೆಳಗೆ ದೊಡ್ಡ ಟ್ರಂಕಿದೆ, ಅವರ ಬಟ್ಟೆ ಎಲ್ಲ ಅದಕ್ಕೆ ತುಂಬು."

"ಅವರ ಬಟ್ಟೆ ಯಾಕೆ?"

"ನಾನು ಬರ್ಬೇಕು ಅಂದ್ರೆ ಅವರೂ ಬರ್ಬೇಕಲ್ಲೋ. ಹಾಗೇ ಇನ್ನೊಬ್ಬರನ್ನ ಕರ್ಕೊಂಡು ಬಾ. ಅವರನ್ನ ಬಸ್ಸಿಗೆ ಎತ್ತಿ ಹತ್ತಿಸೋಕೆ ನೀನೊಬ್ಬ ಸಾಕಾಗಲ್ಲ." ಇಷ್ಟು ಹೇಳಿ ಒಂದು ಕಲ್ಲು ಆರಿಸಿ ನನ್ನ ಕಡೆಗೇ ಎಸೆದಳು.

ನಾನು ಟ್ರಂಕು ತೆಗೆಯಲಿಲ್ಲ. ಭಾವನನ್ನು ಸ್ನಾನಕ್ಕೆ ಎತ್ತಿ ಕೂರಿಸಲು ಒಂದು ಕೈ ಬೇಕಿತ್ತು, ಹಾಗಾಗಿ ಆ ದಿನ ಉಳಿದೆ. ಮಾರನೆಯ ದಿನವೂ ಸ್ನಾನವಿತ್ತು. ಹೀಗೆ ಅಕ್ಕನನ್ನು ಕರೆತರಲು ಹೋದ ನಾನು ಆರು ವರ್ಷ ಅಲ್ಲೇ ಉಳಿದುಬಿಟ್ಟೆ.

ಭಾವನ ಮುಖ ಗೋಡೆಯಿಂದ ಈ ಕಡೆ ತಿರುಗಿದ್ದು ಒಂದು ಮೂಸಂಬಿಯಿಂದ. ಕೆಂಗೇರಿಯಲ್ಲಿ ನಮಗೆ ದೂರದ ಸಂಬಂಧದ ದೊಡ್ಡಪ್ಪ ಒಬ್ಬರಿದ್ದರು. ಯಾರ ಮನೆಯಲ್ಲಿ ಏನೇ ಕೆಟ್ಟದ್ದಾದರೂ ಒಂದು ಚೀಲ ಮೂಸಂಬಿ ಹಿಡಿದು ಹಾಜರಾಗುವುದು ಅವರ ಹವ್ಯಾಸ. ಒಂದು ಭಾನುವಾರ ಅವರು ಬಂದು, "ಸ್ವಲ್ಪ ಗಾಳಿಗೆ ಕೂರಿಸ್ರಪ್ಪ" ಎಂದು ಹಟ ಮಾಡಿ ಭಾವನನ್ನು ಕುರ್ಚಿಯಲ್ಲಿ ವೆರಾಂಡಕ್ಕೆ ತರಿಸಿದರು. ಎದುರು ಕೂತು, ಲೊಚಗುಟ್ಟಿ, ಹೇಳಿದರು: "ಆಗಿದ್ದು ಆಗಿಹೋಯ್ತು. ಇನ್ನೇನು, ದೇವರು ಕರ್ಕೊಳ್ಳೋವರೆಗೂ ಹೀಗೇ ರಾಮ ಕೃಷ್ಣ ಅಂತ ಇದ್ಬಿಡೋದು." ಹೇಳಿ ಭಾವನ ಅಂಗೈಯಲ್ಲಿ ಒಂದು ಮೂಸಂಬಿ ಇಟ್ಟರು.

ಭಾವ ಹಣ್ಣನ್ನು ನೋಡಿದರು. ದೊಡ್ಡಪ್ಪನನ್ನು ನೋಡಿದರು. ದೊಡ್ಡಪ್ಪನ ಮೂಗಿಗೆ ಇವತ್ತು ಗ್ರಹಚಾರ ಎಂದು ನಾನು ಎದ್ದು ನಿಂತೆ. ಅಷ್ಟರಲ್ಲಿ ಮೂಸಂಬಿ ನಮ್ಮ ಕಾಂಪೌಂಡು ದಾಟಿ, ರಸ್ತೆ ದಾಟಿ, ಎದುರು ಮನೆಯ ತಾರಸಿಯ ಮೇಲಿದ್ದ ಟಿವಿ ಆಂಟೆನಾಕ್ಕೆ ಟಣ್ಣೆಂದು ಬಡಿಯಿತು.

ಎದುರು ಮನೆಯಲ್ಲಿದ್ದವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು. ಎರಡೇ ನಿಮಿಷದಲ್ಲಿ ಅವರು ಬನಿಯನ್, ಪಂಚೆಯಲ್ಲಿ, ಕೈಯಲ್ಲಿ ಅದೇ ಮೂಸಂಬಿ ಹಿಡಿದು ನಮ್ಮ ಗೇಟಿನಲ್ಲಿ ನಿಂತಿದ್ದರು. ಅಕ್ಕ ಓಡಿಹೋಗಿ ಕೈ ಮುಗಿದಳು.

"ಸಾರ್, ದಯವಿಟ್ಟು ತಪ್ಪು ತಿಳ್ಕೋಬೇಡಿ. ಅವರಿಗೆ ಮನಸ್ಸು ಸರಿಯಿಲ್ಲ."

"ಮನಸ್ಸಿನ ವಿಷಯ ಇರ್ಲಮ್ಮ. ಒಂದು ತಿಂಗಳಿಂದ ನಮ್ಮ ಟಿವಿಯಲ್ಲಿ ಬರೀ ಚುಕ್ಕೆ ಬರ್ತಿತ್ತು. ಈಗ ಹೀರೋಯಿನ್ನಿನ ಮೂಗುತಿ ಕೂಡ ಕಾಣ್ತಾ ಇದೆ. ಎಸೆದಿದ್ದು ಯಾರು?"

ಅಕ್ಕ ಭಾವನ ಕಡೆ ನೋಡಿದಳು. ಮೇಷ್ಟ್ರು ಭಾವನನ್ನೂ ಕುರ್ಚಿಯನ್ನೂ ನೋಡಿ, "ಕೂತ್ಕೊಂಡೇ ಎಸೆದ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಮ್ಮ ವೆರಾಂಡದಿಂದ ತಮ್ಮ ಮನೆಯವರೆಗೆ ಹೆಜ್ಜೆ ಹಾಕಿ ಅಳೆದುಕೊಂಡು ಹೋಗಿ, ಹಾಗೆಯೇ ಅಳೆದುಕೊಂಡು ವಾಪಸ್ಸು ಬಂದರು.

"ದೂರ ಏನೋ ಚೆನ್ನಾಗಿದೆ ಹವಾಲ್ದಾರ್ರೇ. ಆದ್ರೆ ನಿಮ್ಮ ಕೈ ಸರಿಯಿಲ್ಲ."

ಒಂದು ವರ್ಷದಿಂದ ಆ ಮನೆಗೆ ಬಂದವರೆಲ್ಲ ಭಾವನ ಕಾಲಿನ ಬಗ್ಗೆ ಮಾತಾಡಿದ್ದರು, ಇಲ್ಲವೇ ಕಾಲಿನ ಬಗ್ಗೆ ಮಾತಾಡದಿರಲು ಒದ್ದಾಡಿದ್ದರು. ಅವರ ದೇಹದ ಬೇರೆ ಭಾಗದಲ್ಲಿ ದೋಷ ಹುಡುಕಿದವರು ಇವರೇ ಮೊದಲು.

"ನನ್ನ ಕೈಗೇನ್ರೀ ಆಗಿದೆ?" ಎಂದರು ಭಾವ.

"ಬರೀ ಮೊಣಕೈಯಿಂದ ಎಸೀತೀರಿ. ಭುಜ ನಿದ್ದೆ ಮಾಡ್ತಾ ಇದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಇದೇ ನೋಡಿದವನು ನಾನು, ಗೊತ್ತಾಗಲ್ವಾ?"

"ನಾನು ಶತ್ರುಗಳ ಮೇಲೆ ಗ್ರೆನೇಡ್ ಎಸೆದವನು ಕಣ್ರೀ."

"ಹಾಗಾದ್ರೆ ಶತ್ರುಗಳು ಅದೃಷ್ಟವಂತರು."

ಭಾವನ ಕಿವಿ ಕೆಂಪಾಯಿತು. ಇನ್ನೊಂದು ಮೂಸಂಬಿ ಕೊಡು ಎಂದು ನನ್ನ ಮುಂದೆ ಕೈ ಚಾಚಿದರು. ಆ ಮಧ್ಯಾಹ್ನ ಮುಗಿಯುವಷ್ಟರಲ್ಲಿ ದೊಡ್ಡಪ್ಪನ ಚೀಲ ಖಾಲಿಯಾಗಿ, ಎದುರು ಮನೆಯ ಗೋಡೆಯ ಮೇಲೆಲ್ಲ ರಸ ಇಳಿಯುತ್ತಿತ್ತು. ಮೇಷ್ಟ್ರು ಪ್ರತಿ ಎಸೆತಕ್ಕೂ "ಭುಜ, ಭುಜ" ಎಂದು ಕೂಗುತ್ತಿದ್ದರು. ದೊಡ್ಡಪ್ಪ ಯಾವಾಗ ಹೊರಟುಹೋದರೋ ಯಾರೂ ಗಮನಿಸಲಿಲ್ಲ.

ಮೂಸಂಬಿಯಿಂದ ಗುಂಡಿಗೆ ಬಡ್ತಿ ಸಿಗಲು ಒಂದು ವಾರ ಹಿಡಿಯಿತು. ಕುರ್ಚಿಯಲ್ಲಿ ಕೂತು ಎಸೆಯುವವರ ನಿಯಮಗಳೇನು ಎಂದು ಭಾವ ಆಸ್ಪತ್ರೆಯ ಹಳೆಯ ಗೆಳೆಯನಿಗೆ ಕಾಗದ ಬರೆದರು. ಒಂದು ವರ್ಷದಲ್ಲಿ ಅವರು ಬರೆದ ಮೊದಲ ಕಾಗದ ಅದು. ನಾಲ್ಕು ಕೆಜಿ ಗುಂಡು ಸಾಕು ಎಂದು ಉತ್ತರ ಬಂತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಇಟ್ಟುಕೊಂಡಿದ್ದ ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ಕಬ್ಬಿಣದ ತುಂಡನ್ನು ಕಡೆದು, ತಮ್ಮ ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿ, ಚುಕ್ಕೆಯಷ್ಟೂ ಹೆಚ್ಚುಕಮ್ಮಿ ಇಲ್ಲದ ನಾಲ್ಕು ಕೆಜಿ ಗುಂಡು ಮಾಡಿಕೊಟ್ಟರು.

ಭಾವನಿಗೆ ಯಾರನ್ನೂ ನಂಬಿ ಅಭ್ಯಾಸವಿಲ್ಲ. ಮನೆಗೆ ಬರುವ ದಾರಿಯಲ್ಲಿ ರೇಷನ್ ಅಂಗಡಿಗೆ ನುಗ್ಗಿ, "ಇದನ್ನ ತೂಗ್ರೀ" ಎಂದರು. ಅಂಗಡಿಯವನು ಒಂದು ತಟ್ಟೆಗೆ ನಾಲ್ಕು ಕೆಜಿ ತೂಕದ ಬಟ್ಟು, ಇನ್ನೊಂದಕ್ಕೆ ಗುಂಡು ಇಟ್ಟ. ಗುಂಡಿನ ಕಡೆಯ ತಟ್ಟೆ ಧೊಪ್ಪನೆ ಕೆಳಗಿಳಿಯಿತು. ಇನ್ನೂ ಅರ್ಧ ಕೆಜಿ ಬಟ್ಟು ಸೇರಿಸಿದ ಮೇಲೆಯೇ ಸಮವಾಯಿತು. ಸಕ್ಕರೆಗೆಂದು ನಿಂತಿದ್ದ ಹೆಂಗಸರ ಸಾಲು ಇದನ್ನು ಕಣ್ಣಾರೆ ಕಂಡಿತು. ಮುಂದೆ ನಡೆದದ್ದನ್ನು ನಾನು ವಿವರಿಸಬೇಕೇ? ಆ ತಿಂಗಳಿನಿಂದ ಬೀದಿಯ ಹೆಂಗಸರು ರೇಷನ್ನಿಗೆ ಹೊರಡುವಾಗ, "ಸ್ವಲ್ಪ ನಿಮ್ಮ ಗುಂಡು ಕೊಡಿ" ಎಂದು ನಮ್ಮ ಬಾಗಿಲಿಗೆ ಬರತೊಡಗಿದರು. ಭಾವ ಅಭ್ಯಾಸ ಮಾಡಬೇಕೆಂದಾಗ ಗುಂಡು ಹೆಚ್ಚಾಗಿ ರೇಷನ್ ಅಂಗಡಿಯಲ್ಲಿರುತ್ತಿತ್ತು.

ಅಭ್ಯಾಸ ನಡೆಯುತ್ತಿದ್ದದ್ದು ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ. ಗಾಲಿಕುರ್ಚಿ ಎಸೆತದ ರಭಸಕ್ಕೆ ಹಿಂದಕ್ಕೆ ಓಡುತ್ತದೆಂದು ಮೇಷ್ಟ್ರು ಒಂದು ಗಟ್ಟಿ ಮರದ ಕುರ್ಚಿ ತಂದು, ಹಿಂಬದಿಗೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು ಹೊಡೆಸಿದರು. ಭಾವನನ್ನು ಬೆಲ್ಟಿನಿಂದ ಕುರ್ಚಿಗೆ ಕಟ್ಟುವುದು. ಒಬ್ಬರು ಹಿಂದೆ ನೆಲದ ಮೇಲೆ ಕೂತು ಆ ಸರಳನ್ನು ಬಲವಾಗಿ ಹಿಡಿದುಕೊಳ್ಳುವುದು. ಆ ಒಬ್ಬರು ಯಾರು ಎಂಬ ಪ್ರಶ್ನೆ ಬಂದಾಗ ಮೇಷ್ಟ್ರೂ ಭಾವನೂ ಒಟ್ಟಿಗೆ ನನ್ನ ಹೊಟ್ಟೆಯ ಕಡೆ ನೋಡಿದರು.

"ಸರ್ಕಾರಿ ಹೊಟ್ಟೆ," ಎಂದರು ಭಾವ. "ಕೂತ್ರೆ ಜಗ್ಗಲ್ಲ. ಇವತ್ತಿಗಾದ್ರೂ ದೇಶಕ್ಕೆ ಉಪಯೋಗ ಆಗ್ಲಿ."

ಮೇಷ್ಟ್ರು ಎಸೆಯುವುದಕ್ಕೆ "ಗುಂಡು ಹಾಕೋದು" ಎನ್ನುತ್ತಿದ್ದರು. ಹಾಗಾಗಿ ಮನೆಯಲ್ಲೆಲ್ಲ ಅದೇ ಮಾತು ರೂಢಿಯಾಯಿತು. ನಮ್ಮೂರಿನಲ್ಲಿ ಗುಂಡು ಹಾಕುವುದು ಎಂದರೆ ಇನ್ನೊಂದು ಅರ್ಥವಿದೆ, ಆ ಅರ್ಥಕ್ಕೆ ಬಾಟಲಿ ಬೇಕು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೂಸಂಬಿ ದೊಡ್ಡಪ್ಪನಿಗೆ ಹೊಳೆಯಿತು. ಅವರು ಸೀದಾ ನಮ್ಮ ಅಮ್ಮನ ಬಳಿಗೆ ಹೋಗಿ, "ನಿಮ್ಮ ಅಳಿಯ ದಿನಾ ಬೆಳಿಗ್ಗೆ ಗುಂಡು ಹಾಕ್ತಾನಂತೆ, ಇಡೀ ಬೀದಿಗೇ ಗೊತ್ತು" ಎಂದು ಹೇಳಿ ಬಂದರು. ಮಾರನೆಯ ದಿನ ಮೊದಲ ಬಸ್ಸಿಗೇ ಅಮ್ಮ ಬಂದಿಳಿದಳು. ಅಕ್ಕ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದಳು.

"ಎಲ್ಲಿ ಅವರು?" ಎಂದಳು ಅಮ್ಮ.

"ಪಕ್ಕದ ಸೈಟಲ್ಲಿ ಗುಂಡು ಹಾಕ್ತಾ ಇದಾರಮ್ಮ."

"ಇಷ್ಟು ಬೆಳಿಗ್ಗೇನಾ?"

"ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಮೇಷ್ಟ್ರು ಜೊತೇಲಿದ್ದು ಅಳತೆ ನೋಡ್ತಾರೆ, ಹೆಚ್ಚು ಕಮ್ಮಿ ಆಗೋಕೆ ಬಿಡಲ್ಲ."

"ನಿನ್ನ ತಮ್ಮ?"

"ಅವನಿಲ್ದೆ ಆಗುತ್ತಾ? ಹಿಂದೆ ಕೂತು ಗಟ್ಟಿಯಾಗಿ ಹಿಡ್ಕೊಳ್ಳೋದೇ ಅವನು. ಇಲ್ಲಾಂದ್ರೆ ಇವರು ಬಿದ್ದುಹೋಗ್ತಾರೆ."

ಅಮ್ಮ ಗೋಡೆ ಹಿಡಿದುಕೊಂಡು ಸೈಟಿನ ಕಡೆಗೆ ಬಂದಳು. ಸರಿಯಾಗಿ ಅದೇ ಹೊತ್ತಿಗೆ ಭಾವ ಎಸೆದ ಗುಂಡು ಅವಳ ಮುಂದೆ ಮೂರು ಮಾರು ದೂರದಲ್ಲಿ ಮಣ್ಣಿಗೆ ಬಿತ್ತು. "ಭುಜ ಎದ್ದಿತು ನೋಡಿ" ಎಂದು ಮೇಷ್ಟ್ರು ಕೂಗಿದರು, ಭಾವ ತಲೆ ಹಿಂದಕ್ಕೆ ಹಾಕಿ ನಕ್ಕರು. ಕಾಲು ಹೋದ ಮೇಲೆ ಅಮ್ಮ ಅವರ ನಗು ಕಂಡದ್ದು ಅದೇ ಮೊದಲು. ಅವಳು ಬಗ್ಗಿ ಆ ಗುಂಡನ್ನು ಎರಡು ಕೈಯಲ್ಲಿ ಎತ್ತಿ, ಸೆರಗಿನಿಂದ ಮಣ್ಣೊರೆಸಿ, ಅಳಿಯನ ಕೈಗೆ ತಂದುಕೊಟ್ಟಳು. ಅಕ್ಕನನ್ನು ಕರೆದುಕೊಂಡು ಹೋಗುವ ಮಾತು ಆಮೇಲೆ ಯಾವತ್ತೂ ಬರಲಿಲ್ಲ. ವಾರಕ್ಕೊಮ್ಮೆ ಕೆಂಗೇರಿಯಿಂದ ಡಬ್ಬಿ ತುಂಬ ಹುರಿಹಿಟ್ಟು ಬರತೊಡಗಿತು.

ಒಂದು ದಿನ ಸೈಟಿನ ಮಾಲೀಕರು ಪುರೋಹಿತರ ಜೊತೆಗೆ ಮನೆ ಕಟ್ಟಲು ಗುದ್ದಲಿ ಪೂಜೆಗೆ ಬಂದರು. ಸೈಟಿನ ತುಂಬ ಗುಂಡಿಗಳನ್ನು ಕಂಡು ಬೆಪ್ಪಾಗಿ, "ಇದೇನ್ರೀ, ಯಾರು ಅಗೆದಿದ್ದು?" ಎಂದರು. "ನಿಮಗೋಸ್ಕರ ಪಾಯ ಅರ್ಧ ತೋಡಿಟ್ಟಿದೀವಿ, ಉಪಕಾರ ಸ್ಮರಣೆ ಇರ್ಲಿ" ಎಂದು ಭಾವ ಜಗಳ ತೆಗೆದರು. ಉಪಕಾರ ಸ್ಮರಣೆಯೇನೋ ಆಯಿತು. ಮಾಲೀಕರು ಪೂಜೆಯ ತೆಂಗಿನಕಾಯಿ ಹೋಳೊಂದನ್ನು ಕೊಟ್ಟು, ನಾಳೆಯಿಂದ ಈ ಕಡೆ ಬರಬೇಡಿ ಎಂದು ಕೈಮುಗಿದರು.

ಮೇಷ್ಟ್ರು ಗೋವಿಂದರಾಜನಗರದ ಶಾಲೆಯೊಂದರ ಮೈದಾನ ಗೊತ್ತುಮಾಡಿ, ಮರದ ಕುರ್ಚಿಯನ್ನು ಅಲ್ಲೇ ಇಡಿಸಿದರು. ಮೈಲಿಗಟ್ಟಲೆ ದೂರ. ಗಾಲಿಕುರ್ಚಿ ತಳ್ಳಲು ಭಾವ ಯಾರನ್ನೂ ಬಿಡುವವರಲ್ಲ. "ಕೈ ತೆಗಿ, ನನ್ನ ಭುಜಕ್ಕೆ ಕೆಲಸ ಬೇಕು" ಎಂದು ಹೇಳಿ ತಾವೇ ಗಾಲಿ ತಿರುಗಿಸುತ್ತ ಹೊರಡುತ್ತಿದ್ದರು. ಏರಿನಲ್ಲಿ ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ಇಳಿಜಾರಿನಲ್ಲಿ ಅವರು ಮಾಯವಾಗುತ್ತಿದ್ದರು. ನಾನು ಟವೆಲು, ನೀರಿನ ಬಾಟಲಿ, ಗುಂಡಿನ ಚೀಲ ಹೊತ್ತು ಹಿಂದೆ ಓಡುತ್ತಿದ್ದೆ. ಮಾಗಡಿ ರಸ್ತೆಯ ಆಟೋದವರು ಅವರ ಜೊತೆ ಪಂದ್ಯ ಕಟ್ಟಿ ಹಾರ್ನ್ ಹೊಡೆಯುತ್ತಿದ್ದರು. ಒಬ್ಬ ಟ್ರಾಫಿಕ್ ಪೊಲೀಸಿನವನು ಭಾವನಿಗೆ ಸೆಲ್ಯೂಟ್ ಹೊಡೆದು, ಹಿಂದೆ ಓಡಿಬರುತ್ತಿದ್ದ ನನ್ನನ್ನು ಚೀಲ ಕದ್ದವನೆಂದು ಹಿಡಿದು ನಿಲ್ಲಿಸಿದ್ದೂ ಉಂಟು.

ಹೀಗೆ ಎಂಟು ತಿಂಗಳು ಓಡಿದರೆ ಏನಾಗುತ್ತದೆ? ನನ್ನ ಹೊಟ್ಟೆ ಕರಗಿಹೋಯಿತು. ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ನನಗೂ ಹೆಮ್ಮೆಯಾಗಿತ್ತು, ಒಂದು ಬೆಳಿಗ್ಗೆಯವರೆಗೆ. ಆಗ ದಂಡಿನ ಕಡೆಯ ಸೈನ್ಯದ ಮೈದಾನದಲ್ಲಿ ಗಾಯಗೊಂಡ ಸೈನಿಕರಿಗೆಂದೇ ಆಟಗಳ ಪಂದ್ಯ ಇಟ್ಟಿದ್ದರು. ಭಾವ ಹೆಸರು ಕೊಟ್ಟಾಗಿತ್ತು. ಪಂದ್ಯಕ್ಕೆ ಇನ್ನು ಎರಡು ವಾರ ಇತ್ತು. ಆ ಬೆಳಿಗ್ಗೆ, ಹಿಂದಿನ ದಿನದ ಮಳೆಗೆ ಶಾಲೆಯ ಮೈದಾನ ನೆನೆದಿತ್ತು. ಭಾವ ಪೂರ್ತಿ ಬಲ ಹಾಕಿ ಎಸೆದರು. ಹಿಂದೆ ಸರಳು ಹಿಡಿದಿದ್ದ ನಾನು ಕುರ್ಚಿಯ ಜೊತೆಗೇ ಜಾರಿದೆ. ಕುರ್ಚಿ ಪಕ್ಕಕ್ಕೆ ಮಗುಚಿತು. ಬೆಲ್ಟಿನಲ್ಲಿ ಸಿಕ್ಕಿಕೊಂಡಿದ್ದ ಭಾವ ಕೆಸರಿಗೆ ಮುಖ ಕೊಟ್ಟು ಬಿದ್ದರು.

ನಾನೂ ಮೇಷ್ಟ್ರೂ ಎತ್ತಲು ಓಡಿದೆವು. ಅವರು ಬೈಯಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಮೊಣಕೈ ತರಚಿತ್ತು, ಅಷ್ಟೇ, ಆದರೆ ದಾರಿಯುದ್ದಕ್ಕೂ ಗಾಲಿ ಮುಟ್ಟಲಿಲ್ಲ. ಮೊದಲ ಸಲ ನಾನು ಅವರನ್ನು ತಳ್ಳಿಕೊಂಡು ಮನೆಗೆ ಬಂದೆ. ಮನೆಗೆ ಬಂದು ಮಂಚದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರು. ಮಾರನೆಯ ದಿನವೂ ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೇಷ್ಟ್ರು ಬಾಗಿಲಿಗೆ ಬಂದು ಕರೆದರೆ, "ಅವರಿಗೆ ಹೇಳು, ಮಣ್ಣಲ್ಲಿ ಹೊರಳಾಡೋ ಆಟ ಸಾಕು ಅಂತ" ಎಂದು ನನಗೆ ಹೇಳಿದರು. ನಾನು ಕಚೇರಿಗೆ ಹೋಗಿ ಮೇಜಿನ ಮುಂದೆ ಕೂತರೂ ಕಣ್ಣೆದುರು ಅದೇ ಗೋಡೆ. ನಾನು ಜಾರದೆ ಇದ್ದಿದ್ದರೆ, ನಾನು ಇನ್ನೊಂದು ಸ್ವಲ್ಪ ದಪ್ಪವಿದ್ದಿದ್ದರೆ ಎಂದು ನನ್ನನ್ನೇ ಬೈದುಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕ ಮನೆಯಲ್ಲಿರಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಸೈಕಲ್ಲಿನಲ್ಲಿ ಬಂದು ಗೇಟಿನಿಂದಲೇ ನನಗೆ ಸುದ್ದಿ ಹೇಳಿ, ಬಂದ ದಾರಿಯಲ್ಲೇ ಹೊರಟುಹೋದರು. ನಾನು ಕೋಣೆಯ ಬಾಗಿಲಲ್ಲಿ ನಿಂತು ಆ ಸುದ್ದಿಯನ್ನು ಭಾವನ ಬೆನ್ನಿಗೆ ಹೇಳಿದೆ.

"ಭಾವ, ಅಕ್ಕ ಮೈದಾನದಲ್ಲಿದಾಳಂತೆ. ನಿಮ್ಮ ಕುರ್ಚಿ ಹಿಂದೆ ಸರಳು ಹಿಡ್ಕೊಂಡು ಕೂತಿದಾಳಂತೆ. ಎಂಟೂವರೆಗೆ ಸ್ಕೂಲಿದೆ, ಬರೋದಾದ್ರೆ ಬೇಗ ಬರ್ಬೇಕಂತೆ."

ಭಾವ ಸರಕ್ಕನೆ ಈ ಕಡೆ ತಿರುಗಿದರು. "ಅವಳಿಗೇನು ತಲೆ ಕೆಟ್ಟಿದೆಯಾ? ನೀನೇ ನಿಲ್ಲಲಿಲ್ಲ, ಅವಳು ನಿಲ್ತಾಳಾ? ಕುರ್ಚಿ ಮಗುಚಿದ್ರೆ ನಾನು ಅವಳ ಮೇಲೇ ಬೀಳೋದು, ಗೊತ್ತಿಲ್ವಾ ಅವಳಿಗೆ?"

"ಅದನ್ನ ನೀವೇ ಬಂದು ಹೇಳ್ಬೇಕಂತೆ."

ಭಾವ ಹೆಂಡತಿಯ ಜೊತೆ ಜಗಳವಾಡಲು ಹೊರಟರು. ರಾಜಾಜಿನಗರದಿಂದ ಗೋವಿಂದರಾಜನಗರಕ್ಕೆ ಅಷ್ಟು ವೇಗವಾಗಿ ಅವರು ಹಿಂದೆಂದೂ ಹೋಗಿರಲಿಲ್ಲ. ನಾನು ತಲುಪುವಷ್ಟರಲ್ಲಿ ಜಗಳ ಅರ್ಧ ಮುಗಿದಿತ್ತು. ಅಕ್ಕ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡೂ ಪಾದಗಳನ್ನು ಕುರ್ಚಿಯ ಹಿಂಗಾಲುಗಳಿಗೆ ಒತ್ತಿ, ಸರಳು ಹಿಡಿದು ನೆಲದ ಮೇಲೆ ಕೂತಿದ್ದಳು.

"ಏಳೇ ಮೇಲೆ. ನಿನಗೆ ಆ ತೂಕ ತಡೆಯೋಕಾಗಲ್ಲ."

"ತೂಕದ ಮಾತಲ್ಲ ರೀ. ಎರಡು ವರ್ಷದಿಂದ ನಿಮ್ಮನ್ನ ಮಂಚದಿಂದ ಎತ್ತಿ ಕೂರಿಸ್ತಾ ಇದೀನಿ. ನೀವು ಯಾವಾಗ ಯಾವ ಕಡೆ ವಾಲ್ತೀರಿ ಅಂತ ನನಗೆ ಗೊತ್ತು. ಇವನಿಗೆ ಗೊತ್ತಿಲ್ಲ."

"ಪೆಟ್ಟಾದ್ರೆ?"

"ಆದ್ರೆ ಇಬ್ಬರಿಗೂ ಆಗುತ್ತೆ. ಎಂಟು ಗಂಟೆ ಆಯ್ತು, ಹತ್ತಿ."

ಭಾವ ಸಿಟ್ಟಿನಲ್ಲೇ ಕುರ್ಚಿ ಹತ್ತಿದರು. ಸಿಟ್ಟಿನಲ್ಲೇ ಎಸೆದರು. ಕುರ್ಚಿ ಅಲುಗಲಿಲ್ಲ. ಮೇಷ್ಟ್ರು ಟೇಪು ಹಿಡಿದು ಎರಡು ಸಲ ಅಳೆದರು. ಅದು ಅದುವರೆಗಿನ ಎಲ್ಲ ಎಸೆತಗಳಿಗಿಂತ ಮೊಳದಷ್ಟು ಮುಂದಿತ್ತು. "ಅಮ್ಮಾ, ಪಂದ್ಯದ ದಿನವೂ ಇವರಿಗೆ ಸ್ವಲ್ಪ ಸಿಟ್ಟು ಬರಿಸಿ" ಎಂದರು ಮೇಷ್ಟ್ರು. ನನ್ನನ್ನು ಆ ದಿನವೇ ಸರಳು ಹಿಡಿಯುವ ಕೆಲಸದಿಂದ ತೆಗೆದುಹಾಕಿದರು.

ಪಂದ್ಯದ ದಿನ ಮೈದಾನಕ್ಕೆ ಹೋಗಿ ನೋಡಿದರೆ, ಅಲ್ಲಿ ನಮ್ಮ ಭಾವನಂಥವರು ಹತ್ತಾರು ಮಂದಿ! ಒಂದು ಕೈಯವರು ಟೇಬಲ್ ಟೆನ್ನಿಸ್ ಆಡುತ್ತಿದ್ದರು. ಸೊಂಟದ ಕೆಳಗೆ ಸ್ವಾಧೀನವಿಲ್ಲದವರು ಗಾಲಿಕುರ್ಚಿಯಲ್ಲಿ ಓಟದ ಪಂದ್ಯ ನಡೆಸಿದ್ದರು. ಎಲ್ಲರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಕಾಲೆಳೆಯುತ್ತ, ಬೀಡಿ ಹಂಚಿಕೊಳ್ಳುತ್ತ ಇದ್ದರು. ಪಾಪ ಎನ್ನುವ ಮಾತು ಒಬ್ಬರ ಬಾಯಲ್ಲೂ ಇರಲಿಲ್ಲ. ಭಾವನ ಜಗಳಗಳು ಅಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಅವರಿಗಿಂತ ದೊಡ್ಡ ಜಗಳಗಂಟರು ಅಲ್ಲಿ ನಾಲ್ಕು ಮಂದಿ ಇದ್ದರು.

ಅಕ್ಕ ಹಿಂದೆ ಕೂತಳು. ಭಾವ ಮೂರು ಸಲ ಎಸೆದರು. ಮೂರನೆಯ ಸ್ಥಾನ ಬಂತು. ಮೇಷ್ಟ್ರು ತಾವೇ ಗೆದ್ದವರಂತೆ ಕಂಡಕಂಡವರ ಕೈ ಕುಲುಕಿದರು.

ಆದರೆ ಪದಕ ಕೊಡುವ ಹೊತ್ತಿಗೆ ಒಂದು ತಾಪತ್ರಯ. ಗೆದ್ದವರು ನಿಲ್ಲಲೆಂದು ಎಲ್ಲಿಂದಲೋ ಒಂದು ಮರದ ವೇದಿಕೆ ತಂದಿಟ್ಟಿದ್ದರು. ಒಂದು, ಎರಡು, ಮೂರು ಎಂದು ಬರೆದ ಎತ್ತರದ ಮೆಟ್ಟಿಲುಗಳು. ಗೆದ್ದ ಮೂವರಲ್ಲಿ ಒಬ್ಬರಿಗೂ ಕಾಲಿಲ್ಲ.

"ಇದನ್ನ ಯಾರಿಗೆ ಅಂತ ತಂದ್ರಿ ಸಾರ್?" ಎಂದು ಭಾವ ಅಧಿಕಾರಿಯನ್ನು ಕೇಳಿದರು. ಮೊದಲ ಸ್ಥಾನದವರೂ ಎರಡನೆಯ ಸ್ಥಾನದವರೂ ತಮ್ಮ ಕುರ್ಚಿಗಳನ್ನು ಭಾವನ ಅಕ್ಕಪಕ್ಕ ತಂದು ನಿಲ್ಲಿಸಿದರು. ಅಧಿಕಾರಿ ಒಂದು ಕ್ಷಣ ವೇದಿಕೆ ನೋಡಿ, ತಲೆ ಕೆರೆದುಕೊಂಡು, "ತಪ್ಪಾಯ್ತು ಹವಾಲ್ದಾರ್" ಎಂದರು. ಪದಕ ಅವರೇ ಬಗ್ಗಿ ನೆಲದ ಮೇಲೇ ಕೊಟ್ಟರು. ವೇದಿಕೆಯನ್ನೇನೂ ವ್ಯರ್ಥ ಮಾಡಲಿಲ್ಲ. ಮೊದಲ ಸ್ಥಾನದ ಮೇಲೆ ಲಾಡಿನ ತಟ್ಟೆ, ಎರಡನೆಯದರ ಮೇಲೆ ಖಾರದ ತಟ್ಟೆ, ಮೂರನೆಯದರ ಮೇಲೆ ಚಹಾದ ಪಾತ್ರೆ ಇಟ್ಟು ಎಲ್ಲರೂ ಸುತ್ತ ಕೂತು ತಿಂದೆವು.

ಮಧ್ಯಾಹ್ನ ಆಟೋ ಹಿಡಿದು ಮನೆಗೆ ಹೊರಟೆವು. ಮಡಿಸಿದ ಗಾಲಿಕುರ್ಚಿಯನ್ನು ಹಿಂದೆ ಕಟ್ಟಿದ್ದೆವು. ಒಂದು ಬದಿಗೆ ಭಾವ, ನಡುವೆ ಅಕ್ಕ, ಇನ್ನೊಂದು ಬದಿಗೆ ಅರ್ಧ ಒಳಗೆ ಅರ್ಧ ಹೊರಗೆ ನಾನು. ಭಾವ ಕಣ್ಣು ಮುಚ್ಚಿ ಒರಗಿದ್ದರು, ನಿದ್ದೆ ಹತ್ತಿರಬೇಕು ಎಂದುಕೊಂಡೆ. ಮಾಗಡಿ ರಸ್ತೆಗೆ ಬಂದಾಗ ಅಕ್ಕ ಸೆರಗಿನ ಕೆಳಗಿಂದ ಕೈ ಹೊರತೆಗೆದು ಮೆಲ್ಲಗೆ ಊದಿಕೊಂಡಳು. ಆಗ ನೋಡಿದೆ. ಎರಡೂ ಅಂಗೈಗಳಲ್ಲಿ ಸರಳಿನ ಅಡ್ಡ ಗೀರು ಕೆಂಪಗೆ ಎದ್ದು, ಒಂದು ಕಡೆ ಚರ್ಮ ಕಿತ್ತುಬಂದಿತ್ತು. ಬೆಳಿಗ್ಗೆಯಿಂದ ಅವಳು ಅದನ್ನು ಯಾರಿಗೂ ತೋರಿಸಿರಲಿಲ್ಲ. ನಾನು ಏನೋ ಹೇಳಲು ಹೊರಟೆ. ಅವಳು ಕಣ್ಣಲ್ಲೇ ಬೇಡವೆಂದಳು.

ಭಾವ ಕಣ್ಣು ತೆರೆಯಲಿಲ್ಲ. ಕೈ ಮಾತ್ರ ಚಾಚಿ ಅವಳ ಅಂಗೈಯನ್ನು ತಮ್ಮ ಅಂಗೈಯ ಮೇಲೆ ಮಲಗಿಸಿಕೊಂಡರು. ಜೀವಮಾನದಲ್ಲಿ ಒಂದು ಮೆತ್ತಗಿನ ಮಾತಾಡಿದ್ದನ್ನು ನಾನು ಕೇಳದಿದ್ದ ಆ ಮನುಷ್ಯ ಹೇಳಿದರು:

"ನಾಳೆಯಿಂದ ನೀನು ಹಿಡಿಯೋದು ಬೇಡ. ಮೈದಾನದಲ್ಲಿ ಎರಡು ಕಂಬಿ ಹೂಣಿಸಿ ಕುರ್ಚೀನ ಅದಕ್ಕೇ ಕಟ್ಟಿಸ್ತೀನಿ."

ಅಕ್ಕ ಕೈ ಹಿಂದಕ್ಕೆ ತೆಗೆಯಲಿಲ್ಲ. ರಸ್ತೆಯ ಕಡೆ ನೋಡುತ್ತಲೇ ಕೇಳಿದಳು:

"ಹೂಣಿಸಿ. ಆಮೇಲೆ ನಾನೆಲ್ಲಿ ಕೂತ್ಕೊಳ್ಲಿ?"